ಒಡೆಯನಿಲ್ಲದ ಹಾವು

ಗೌರಿಬಿದನೂರಿನಿಂದ ಹಿಂದೂಪುರದ ದಿಕ್ಕಿಗೆ ಹೊರಟರೆ ಕೆಲವೇ ಕಿಲೋಮೀಟರಿನಲ್ಲಿ, ಉತ್ತರ ಪಿನಾಕಿನಿಯ ದಂಡೆಯ ಮೇಲೆ ವಿದುರಾಶ್ವತ್ಥ ಸಿಗುತ್ತದೆ. ಶಾಲೆಯ ಪಾಠದಲ್ಲಿ ಈ ಊರು ಬರುವುದು 1938ರ ಏಪ್ರಿಲ್ 25ರ ಕಾರಣಕ್ಕೆ. ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದ ದಿನ ಅದು. ಆದರೆ ಅದಕ್ಕೂ ಬಹಳ ಹಿಂದಿನಿಂದ ಜನ ಇಲ್ಲಿಗೆ ಬರುತ್ತಿದ್ದುದು, ಇವತ್ತೂ ಬರುತ್ತಿರುವುದು ನಾಗರಕಲ್ಲು ನಿಲ್ಲಿಸಲಿಕ್ಕೆ. ವಿದುರನೇ ನೆಟ್ಟದ್ದೆಂದು ಹೇಳುತ್ತಿದ್ದ ಅರಳಿಮರ 2001ರಲ್ಲಿ ಉರುಳಿತು. ಮರ ಹೋದರೂ ಅದರ ಸುತ್ತ ನಿಲ್ಲಿಸಿದ್ದ ಸಾವಿರಾರು ಕಲ್ಲುಗಳು ಹೋಗಲಿಲ್ಲ, ಹೊಸವು ಸೇರುವುದೂ ನಿಲ್ಲಲಿಲ್ಲ. ಒಂದು ಹೆಡೆಯವು, ಐದು ಹೆಡೆಯವು, ಏಳು ಹೆಡೆಯವು, ಹೆಣೆದುಕೊಂಡ ಜೋಡಿ ಹಾವುಗಳ ನಡುವೆ ಪುಟ್ಟ ಲಿಂಗವಿರುವವು, ಅರಿಸಿನ ಕುಂಕುಮ ಮೆತ್ತಿಕೊಂಡು ಕಣ್ಣುಮೂಗು ಕಾಣದಂತಾದವು. ಒಂದೊಂದು ಕಲ್ಲಿನ ಹಿಂದೆಯೂ ಒಂದೊಂದು ಮನೆಯ ಕಷ್ಟವಿದೆ. ಮಕ್ಕಳಾಗಲಿಲ್ಲ, ಹುಟ್ಟಿದ್ದು ಕೈಗೆ ಹತ್ತಲಿಲ್ಲ, ಮಗಳಿಗೆ ಕಂಕಣ ಕೂಡಿಬರಲಿಲ್ಲ, ಮೈಮೇಲಿನ ಕಜ್ಜಿ ಯಾವ ಮುಲಾಮಿಗೂ ಬಗ್ಗಲಿಲ್ಲ.

ಇಷ್ಟು ಬಗೆಯ ಕಷ್ಟಕ್ಕೆ ಇಲ್ಲಿ ಕೊಡುವ ಕಾರಣ ಒಂದೇ, ಸರ್ಪದೋಷ. ಯಾರೋ ಎಂದೋ ಹೊಲ ಹಸನು ಮಾಡುವಾಗ ಹುತ್ತ ಒಡೆದರು. ಪಾಯ ತೋಡುವಾಗ ಗುದ್ದಲಿಗೆ ನಾಗರ ಸಿಕ್ಕಿತು. ದಾರಿಯಲ್ಲಿ ಸತ್ತು ಬಿದ್ದ ಹಾವನ್ನು ಕಂಡೂ ಸಂಸ್ಕಾರ ಮಾಡದೆ ದಾಟಿ ಹೋದರು. ಮಾಡಿದವರು ತೀರಿಹೋಗಿರಬಹುದು, ಯಾರೆಂದು ಗೊತ್ತೇ ಇಲ್ಲದಿರಬಹುದು, ಹಿಂದಿನ ಜನ್ಮದ್ದೂ ಇರಬಹುದು. ಅಪರಾಧ ಎಷ್ಟು ಮಸುಕೋ ಪರಿಹಾರ ಅಷ್ಟೇ ಸ್ಪಷ್ಟ. ಕಲ್ಲು ಕೆತ್ತಿಸಬೇಕು, ಗೊತ್ತಾದಷ್ಟು ಕಾಲ ನೀರಿನಲ್ಲಿರಿಸಬೇಕು, ಒಳ್ಳೆಯ ದಿನ ನೋಡಿ ಅರಳಿ ಬೇವಿನ ಕೆಳಗೆ ದಂಪತಿ ಕೂತು ಪ್ರತಿಷ್ಠೆ ಮಾಡಿಸಬೇಕು, ಹಾಲೆರೆದು ಪ್ರದಕ್ಷಿಣೆ ಬರಬೇಕು. ಅನುಕೂಲವಿದ್ದವರು ಘಾಟಿ ಸುಬ್ರಹ್ಮಣ್ಯಕ್ಕೋ ಕುಕ್ಕೆಗೋ ಹೋಗುತ್ತಾರೆ. ಇದನ್ನೆಲ್ಲ ಮೂಢನಂಬಿಕೆಯೆಂದು ಒಂದೇ ಏಟಿಗೆ ತಳ್ಳಿಹಾಕುವುದು ಸುಲಭ, ಹಿರಿಯರ ಜ್ಞಾನವೆಂದು ತಲೆಯ ಮೇಲಿಟ್ಟುಕೊಳ್ಳುವುದು ಇನ್ನೂ ಸುಲಭ. ಎರಡೂ ಕಡೆಯವರು ಕೇಳದೆ ಬಿಡುವ ಪ್ರಶ್ನೆ ಒಂದಿದೆ: ಈ ಬಾಧೆ ಯಾರನ್ನು ಅಪರಾಧಿಯೆಂದು ಬೊಟ್ಟು ಮಾಡುತ್ತದೆ, ದಂಡ ಕಟ್ಟುವವರು ಯಾರು? ಬಾಧೆಯ ನಂಬಿಕೆಗಳೆಲ್ಲ ಒಂದೇ ಜಾತಿಯವಲ್ಲ. ಅವುಗಳಲ್ಲಿ ಹೆಚ್ಚು ಕೆಟ್ಟದ್ದು ಯಾವುದು, ಕಡಿಮೆ ಕೆಟ್ಟದ್ದು ಯಾವುದು ಎಂದು ಹೇಳಬೇಕಾದರೆ ಮೊದಲು ನೋಡಬೇಕಾದದ್ದು ಆ ಬೊಟ್ಟು ಯಾವ ಕಡೆಗಿದೆ ಎಂಬುದನ್ನು.

ಇದನ್ನು ಸ್ಪಷ್ಟವಾಗಿ ಕಾಣಲು ಜಪಾನಿನವರೆಗೆ ಹೋಗಿ ಬರುವುದು ಒಳ್ಳೆಯದು. ಅಲೌಕಿಕ ಬಾಧೆಗಳಿಗೆ ಜಪಾನಿನ ಜನಪದದಷ್ಟು ವಿವರವಾದ ಲೆಕ್ಕ ಇಟ್ಟವರು ಕಡಿಮೆ. ಬೆಟ್ಟದ ಕಣಿವೆ ದಾಟುವಾಗ ಇದ್ದಕ್ಕಿದ್ದಂತೆ ಹಸಿವಿನಿಂದ ಕಾಲು ಕುಸಿದರೆ ಅದು ಹಿದಾರುಗಾಮಿ, ಹಸಿದು ಸತ್ತವರ ಆತ್ಮದ ಕಾಟ. ಒಂದು ತುತ್ತು ಅನ್ನ ತಿಂದರೆ ಬಿಡುತ್ತದೆ. ಗಾಳಿಯಲ್ಲಿ ಮೊಣಕಾಲಿನ ಚರ್ಮ ಕೊಯ್ದಂತೆ ಸೀಳಿದರೆ ಅದು ಕಾಮಾಇತಾಚಿ. ಸಿಡುಬು ಬಂದರೆ ಹೋಸೋಗಾಮಿ. ಅದಕ್ಕೆ ಕೆಂಪು ಬಟ್ಟೆ, ಕೆಂಪು ಬಣ್ಣದಲ್ಲೇ ಅಚ್ಚಾದ ಚಿತ್ರಗಳು. ನಮ್ಮಲ್ಲಿ ಮನೆಯಲ್ಲಿ ಅಮ್ಮ ಆದರೆ ಒಗ್ಗರಣೆ ಹಾಕದೆ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ ಆಕೆಯನ್ನು ಉಪಚರಿಸಿ ಕಳುಹಿಸಿದಂತೆಯೇ ಅಲ್ಲಿಯೂ ಸಿಡುಬಿನ ದೇವರನ್ನು ಸತ್ಕರಿಸಿ ಊರಾಚೆ ಬಿಟ್ಟುಬರುತ್ತಿದ್ದರು. ದೊಡ್ಡ ಮನುಷ್ಯರ ಕೋಪಕ್ಕೂ ಅಲ್ಲಿ ಲೆಕ್ಕವಿದೆ. ಸುಗವಾರ ನೊ ಮಿಚಿಜಾನೆ ಎಂಬ ವಿದ್ವಾಂಸ ಮಂತ್ರಿ ಸುಳ್ಳು ಆರೋಪಕ್ಕೆ ಸಿಕ್ಕಿ ಗಡಿಪಾರಾಗಿ 903ರಲ್ಲಿ ತೀರಿಕೊಂಡ. 930ರಲ್ಲಿ ಅರಮನೆಗೆ ಸಿಡಿಲು ಬಡಿದು ಆಸ್ಥಾನಿಕರು ಸತ್ತಾಗ ಅದು ಅವನ ಸೇಡೆಂದು ಎಲ್ಲರೂ ಒಪ್ಪಿದರು. ಕ್ಯೋಟೊದ ಕಿತಾನೊದಲ್ಲಿ ಅವನಿಗೆ ಗುಡಿ ಎದ್ದಿತು. ಈಗ ಅವನು ಪರೀಕ್ಷೆ ಬರೆಯುವ ಮಕ್ಕಳ ದೇವರು. ಈ ಕಥೆಯಲ್ಲಿ ಬಾಧೆಗೆ ಕಾರಣರೆಂದು ಕಂಡವರು ಅರಮನೆಯವರೇ, ಪ್ರಾಯಶ್ಚಿತ್ತ ಮಾಡಿಕೊಂಡವರೂ ಅವರೇ. ದಂಡ ತಪ್ಪಿತಸ್ಥನ ಮನೆಗೇ ಹೋಗಿ ಮುಟ್ಟುವ ಇಂಥ ನ್ಯಾಯ ಬಾಧೆಯ ಕಥೆಗಳಲ್ಲಿ ಅಪರೂಪ.

ಹೆಚ್ಚಾಗಿ ನಡೆದದ್ದು ಬೇರೆಯೇ. ಪಶ್ಚಿಮ ಜಪಾನಿನ ಇಜುಮೊ ಸೀಮೆಯಲ್ಲಿ, ಈಗಿನ ಶಿಮಾನೆ ಪ್ರಾಂತ್ಯದಲ್ಲಿ, ನರಿ ಮೈಗೆ ಸೇರುವುದೆಂಬ ನಂಬಿಕೆ ಬಲವಾಗಿತ್ತು. ರೋಗಿ ನರಿಯ ದನಿಯಲ್ಲಿ ಮಾತಾಡುತ್ತಾಳೆ, ಕರಿದ ತೋಫು ಬೇಕೆಂದು ಹಟ ಹಿಡಿಯುತ್ತಾಳೆ. ಟೋಕಿಯೋದಲ್ಲಿ ವೈದ್ಯನಾಗಿದ್ದ ಜರ್ಮನಿಯ ಎರ್ವಿನ್ ಬೆಲ್ಜ್ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಇದನ್ನು ಮನೋರೋಗವಾಗಿ ಅಧ್ಯಯನ ಮಾಡಿದ. ಆದರೆ ರೋಗಕ್ಕಿಂತ ಘೋರವಾದದ್ದು ಅದರ ವಿವರಣೆ. ನರಿ ತಾನಾಗಿ ಬರುವುದಿಲ್ಲ, ಊರಿನ ಇಂಥ ಮನೆಯವರು ಅದನ್ನು ಸಾಕಿದ್ದಾರೆ, ಅವರಿಗೆ ಯಾರ ಮೇಲೆ ಹೊಟ್ಟೆಕಿಚ್ಚೋ ಅವರ ಮೇಲೆ ಅದು ಹೋಗಿ ಕೂರುತ್ತದೆ ಎಂದು ಜನ ತಿಳಿದಿದ್ದರು. ಈ ಸಾಕುವಿಕೆ ವಂಶಪಾರಂಪರ್ಯ, ಮದುವೆಯ ಮೂಲಕ ಹರಡುವಂಥದ್ದು. ಆದ್ದರಿಂದ ಅಂಥ ಮನೆಗೆ ಯಾರೂ ಹೆಣ್ಣು ಕೊಡರು, ಅಲ್ಲಿಂದ ಹೆಣ್ಣು ತಾರರು. ಆ ಸೀಮೆಯಲ್ಲಿ ಬದುಕಿದ್ದ ಲೇಖಕ ಲಾಫ್ಕಾಡಿಯೊ ಹರ್ನ್ 1894ರ ತನ್ನ ಪುಸ್ತಕದಲ್ಲಿ, ನರಿ ಸಾಕಿದವರೆಂದು ಹೆಸರಾದವರ ಭೂಮಿಗೆ ಸರಿಯಾದ ಬೆಲೆಯೂ ಹುಟ್ಟುವುದಿಲ್ಲವೆಂದು ದಾಖಲಿಸಿದ. ಶಿಕೋಕು ದ್ವೀಪದಲ್ಲಿ ನರಿಯ ಜಾಗದಲ್ಲಿ ನಾಯಿ, ಇನುಗಾಮಿ. ಶಿಕೋಕುವಿನ ಕೆಲವೆಡೆ ಮತ್ತು ಅದರ ಎದುರಿನ ಒಕಾಯಾಮ, ಹಿರೋಶಿಮಾ ಕಡೆಗಳಲ್ಲಿ ಹಾವು. ತೋಬ್ಯೋ ಎಂಬ ಈ ಗಿಡ್ಡ ಹಾವಿನ ಕತ್ತಿಗೊಂದು ಬಳೆಯಂಥ ಪಟ್ಟಿ ಇರುತ್ತದಂತೆ. ಒಡೆಯರು ಅದನ್ನು ಮಣ್ಣಿನ ಗಡಿಗೆಯಲ್ಲಿಟ್ಟು ಸಾಕುತ್ತಾರಂತೆ.

ವಿದುರಾಶ್ವತ್ಥದ ಹಾವಿಗೂ ಗಡಿಗೆಯೊಳಗಿನ ಆ ಹಾವಿಗೂ ವ್ಯತ್ಯಾಸ ಇಲ್ಲಿದೆ. ಒಂದಕ್ಕೆ ಒಡೆಯನಿಲ್ಲ, ಇನ್ನೊಂದಕ್ಕೆ ಒಡೆಯನಿದ್ದಾನೆ, ಅವನು ನಿಮ್ಮ ಪಕ್ಕದ ಮನೆಯವನು. ಒಡೆಯನೆಂದು ಯಾರನ್ನು ಹೆಸರಿಸುತ್ತಿದ್ದರು ಎಂಬುದನ್ನು ಜಪಾನಿನ ವಿದ್ವಾಂಸರು ಕೆದಕಿ ನೋಡಿದ್ದಾರೆ. ಅಂಥ ಹೆಸರು ಹೊತ್ತ ಮನೆತನದಲ್ಲೇ ಹುಟ್ಟಿದ್ದ ಹಯಾಮಿ ಯಾಸುತಾಕ 1950ರ ದಶಕದಲ್ಲಿ ಬರೆದ ಪುಸ್ತಕ, ಜನಪದ ಸಂಶೋಧಕ ಇಶಿಜುಕಾ ತಾಕಾತೋಶಿ 1959ರಲ್ಲಿ ಹೊರತಂದ ಅಧ್ಯಯನ, ಎರಡೂ ಸರಿಸುಮಾರು ಒಂದೇ ಕಡೆಗೆ ಕೈ ತೋರಿಸುತ್ತವೆ. ಹಳ್ಳಿಗಳಿಗೆ ನಗದು ವ್ಯವಹಾರ ಕಾಲಿಟ್ಟ ಕಾಲದಲ್ಲಿ ಹೊರಗಿನಿಂದ ಬಂದು ನೆಲೆಸಿ ಬೇಗ ಹಣ, ಭೂಮಿ ಮಾಡಿಕೊಂಡ ಮನೆಗಳಿಗೇ ಈ ಹೆಸರು ಹೆಚ್ಚಾಗಿ ಅಂಟಿತು. ಹಳೆಯ ಮನೆತನಗಳು ಹೊಸ ಹಣವಂತರನ್ನು ನ್ಯಾಯಸ್ಥಾನದಲ್ಲಿ ಗೆಲ್ಲಲಾರದೆ ನರಿಯ ಬಾಯಿಂದ ಗೆದ್ದವು. ಮೈಮೇಲೆ ಬಂದ ಹೆಂಗಸು ನರಿಯ ದನಿಯಲ್ಲಿ ಒಂದು ಮನೆಯ ಹೆಸರು ಹೇಳಿದರೆ ಮುಗಿಯಿತು, ಮೂರು ತಲೆಮಾರು ಆ ಕಲೆ ಹೋಗುವುದಿಲ್ಲ.

ನಮ್ಮಲ್ಲಿ ಇದಿಲ್ಲ ಎಂದು ಬೀಗಬೇಕಾಗಿಲ್ಲ. ಹಳೆಯ ಮೈಸೂರಿನ ಊರುಗಳಲ್ಲಿ ಮದ್ದು ಹಾಕುವವರೆಂಬ ಅಪವಾದ ಹೊತ್ತ ಮನೆಗಳು ಇಂದಿಗೂ ಇವೆ. ಊಟದಲ್ಲಿ ಏನನ್ನೋ ಬೆರೆಸಿಕೊಟ್ಟರು, ಅದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಸೊರಗಿಸುತ್ತಿದೆ ಎನ್ನುವುದು ಈ ಬಾಧೆಯ ವಿವರಣೆ. ಮದ್ದು ತೆಗೆಯುವವರ ಬಳಿ ಹೋಗಿ ವಾಂತಿ ಮಾಡಿಸಿಕೊಳ್ಳುವುದು ಚಿಕಿತ್ಸೆ. ಅಂಥ ಮನೆಯಲ್ಲಿ ನೀರು ಕುಡಿಯಲು ಜನ ಹಿಂದೆಮುಂದೆ ನೋಡುತ್ತಾರೆ, ಸಂಬಂಧ ಬೆಳೆಸಲು ಇನ್ನೂ ಹೆಚ್ಚು ನೋಡುತ್ತಾರೆ. ಇಜುಮೊದ ನರಿಮನೆಗೂ ಇದಕ್ಕೂ ಪ್ರಾಣಿಯೊಂದು ಕಡಿಮೆ ಎಂಬುದು ಬಿಟ್ಟರೆ ಬೇರೆ ಅಂತರವಿಲ್ಲ. ಕಲಬುರಗಿ, ಬೀದರ್ ಕಡೆಯ ಭಾನಾಮತಿಯದೂ ಇದೇ ಜಾತಿ. ಬಟ್ಟೆಗೆ ಬೆಂಕಿ ಬಿತ್ತು, ಮನೆಯ ಮೇಲೆ ಕಲ್ಲು ಬಿತ್ತು ಎಂದೊಡನೆ ಮಾಡಿಸಿದವರು ಯಾರೆಂಬ ಹುಡುಕಾಟ ಶುರುವಾಗುತ್ತದೆ. ಮಾಟಗಾರರೆಂಬ ಗುಮಾನಿಗೆ ಸಿಕ್ಕವರು ಮಂತ್ರ ಹೇಳಲಾಗದಿರಲೆಂದು ಅವರ ಹಲ್ಲು ಕಿತ್ತ ಪ್ರಕರಣಗಳು ನೆರೆಯ ತೆಲಂಗಾಣದಲ್ಲಿ ನಡೆದಿವೆ. ಆರೋಪಿಯ ಮುಖ ಕಾಣಿಸುವ ಬಾಧೆ ಕೊನೆಗೆ ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ಸರ್ಪದೋಷದ ಒಂದು ಗುಣ ಎದ್ದು ಕಾಣುತ್ತದೆ. ಅದು ನೆರೆಯವರತ್ತ ಕೈ ತೋರಿಸುವುದಿಲ್ಲ. ದೋಷ ನಮ್ಮ ಮನೆಯದೇ, ನಮ್ಮ ಹಿರೀಕರದೇ. ಮಾಡಿದವರಾರೂ ಸಿಗುವುದಿಲ್ಲವಾದ್ದರಿಂದ ಹೊಡೆಯಲು, ಬಹಿಷ್ಕಾರ ಹಾಕಲು, ಹೆಣ್ಣು ನಿರಾಕರಿಸಲು ಯಾರೂ ಸಿಗುವುದಿಲ್ಲ. ಪರಿಹಾರಕ್ಕೆ ಇನ್ನೊಬ್ಬರ ತಪ್ಪೊಪ್ಪಿಗೆ ಬೇಕಾಗಿಲ್ಲ. ಒಂದು ಕಲ್ಲು, ಒಂದಿಷ್ಟು ಹಾಲು, ಒಂದು ದಿನದ ಕೆಲಸ. ಹೊಟ್ಟೆಕಿಚ್ಚಿಗೂ ಆಸ್ತಿಜಗಳಕ್ಕೂ ಹಳ್ಳಿಗಳಲ್ಲಿ ಬರವಿಲ್ಲ. ಹೀಗಿದ್ದೂ ಮಕ್ಕಳಾಗದ ದುಃಖವನ್ನು, ತಾಯ್ತಂದೆಯರನ್ನು ಬಹಳ ಬೇಗ ಹುಚ್ಚುಹಿಡಿಸಬಲ್ಲ ಈ ದುಃಖವನ್ನು, ಪಕ್ಕದ ಮನೆಯ ಬಾಗಿಲಿಗೆ ಒಯ್ಯದೆ ನದೀತೀರದ ಮರದ ಬುಡಕ್ಕೆ ಒಯ್ದದ್ದು ಸಣ್ಣ ಸಾಧನೆಯಲ್ಲ. ಬೋನಸ್ಸಾಗಿ ಹಾವಿಗೂ ಕೊಂಚ ರಕ್ಷಣೆ ಸಿಕ್ಕಿತು. ಇಲಿ ಹಿಡಿಯುವ ನಾಗರ ರಾಗಿ ಕಣಜದ ಸುತ್ತ ಸುಳಿದಾಡಿಕೊಂಡಿದ್ದರೆ ಒಕ್ಕಲಿಗನಿಗೆ ನಷ್ಟವಿಲ್ಲ.

ಈ ಮಾತಿಗೆ ಮೊದಲ ಆಕ್ಷೇಪ ಬರುವುದು ಅದೇ ಗೌರಿಬಿದನೂರು ತಾಲ್ಲೂಕಿನಿಂದ. ಡಾ. ಎಚ್. ನರಸಿಂಹಯ್ಯನವರು ಹುಟ್ಟಿದ ಹೊಸೂರು ಇರುವುದು ಇಲ್ಲೇ. ಬಡ ಮನೆಯಿಂದ ಬಂದು ಭೌತವಿಜ್ಞಾನಿಯಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಅವರು ಸಮಿತಿ ರಚಿಸಿದ್ದು, ಪುಟ್ಟಪರ್ತಿಯ ಸಾಯಿಬಾಬಾ ಅವರಿಗೆ ಪರೀಕ್ಷೆಗೆ ಒಳಪಡುವಂತೆ ಪತ್ರ ಬರೆದದ್ದು ಆಗ ದೇಶವೆಲ್ಲ ಸುದ್ದಿಯಾಗಿತ್ತು. ಅವರ ದಾರಿಯಲ್ಲಿ ಯೋಚಿಸುವವರು ಕೇಳಬಹುದು: ಸುಳ್ಳು ಸುಳ್ಳೇ ತಾನೆ? ಪಕ್ಕದ ಮನೆಯವರನ್ನು ದೂರದ ಸುಳ್ಳು ಒಳ್ಳೆಯ ಸುಳ್ಳು ಎಂದು ಶಹಬ್ಬಾಸ್ ಹೇಳುವುದು ಯಾವ ನ್ಯಾಯ? ಹಾವಿಗೆ ದ್ವೇಷ ಇಟ್ಟುಕೊಳ್ಳುವಷ್ಟು ಮಿದುಳಿಲ್ಲ, ಮೂರು ತಲೆಮಾರಿನ ಲೆಕ್ಕ ಇಡುವಷ್ಟಂತೂ ಇಲ್ಲವೇ ಇಲ್ಲ. ಕಾರಣ ತಪ್ಪಾದರೆ ಚಿಕಿತ್ಸೆಯೂ ತಪ್ಪುತ್ತದೆ, ಅಷ್ಟೇ.

ಈ ಆಕ್ಷೇಪಕ್ಕೆ ಬಲವಾದ ಸಾಕ್ಷಿ ಸರ್ಪಸುತ್ತು. ಸೊಂಟದ ಅಥವಾ ಎದೆಯ ಒಂದು ಬದಿಯಲ್ಲಿ ಉರಿಯುವ ಗುಳ್ಳೆಗಳು ಸಾಲಾಗಿ ಏಳುತ್ತವೆ. ಹಾವು ಮೈ ಸುತ್ತುತ್ತಿದೆ, ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎನ್ನುತ್ತಾರೆ. ಅದಕ್ಕೇ ಬೇಗ ಮಂತ್ರಿಸಬೇಕು, ಕೆಮ್ಮಣ್ಣು ಹಚ್ಚಿಸಬೇಕು. ನಿಜ ಸಂಗತಿ ಏನೆಂದರೆ, ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದು ಹೋದಾಗ ಅದರ ವೈರಾಣು ನರದ ಬುಡದಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾದ ಮೇಲೆ ಅಥವಾ ಮೈ ಸೊರಗಿದಾಗ ಒಂದು ನರದ ಗುಂಟ ಎದ್ದು ಬರುತ್ತದೆ. ಒಂದೇ ವೈರಾಣು, ಮೊದಲ ಸಲ ಅಮ್ಮನಾಗಿ ಪೂಜೆ ಮಾಡಿಸಿಕೊಂಡು ಎರಡನೆಯ ಸಲ ಹಾವಾಗಿ ಬರುತ್ತದೆ. ಆ ನರ ದೇಹದ ಅರ್ಧಕ್ಕಷ್ಟೇ ಹರಡಿರುವುದರಿಂದ ಗುಳ್ಳೆಗಳು ಸಾಮಾನ್ಯವಾಗಿ ಬೆನ್ನುಮೂಳೆ, ಹೊಕ್ಕುಳಿನ ಗೆರೆ ದಾಟುವುದಿಲ್ಲ. ತಲೆ ಬಾಲ ಕೂಡುವ ಸಂದರ್ಭವೇ ಬಹುಪಾಲು ಬರುವುದಿಲ್ಲ. ಎರಡರಿಂದ ನಾಲ್ಕು ವಾರದಲ್ಲಿ ಗುಳ್ಳೆ ತಾನಾಗಿ ಒಣಗುತ್ತದೆ. ಹೀಗಾಗಿ ಮಂತ್ರ ಸೋಲುವುದೇ ಇಲ್ಲ, ಮಂತ್ರವಾದಿಗೆ ಇದರಷ್ಟು ನಂಬಿಕಸ್ತ ರೋಗ ಮತ್ತೊಂದಿಲ್ಲ. ಈ ಗೆಲುವಿನ ಲೆಕ್ಕದಲ್ಲಿ ಬರದೆ ಹೋಗುವವರು ಕಣ್ಣಿನ ಸುತ್ತ ಗುಳ್ಳೆ ಎದ್ದು ದೃಷ್ಟಿ ಕಳೆದುಕೊಂಡವರು, ಗುಳ್ಳೆ ಹೋದರೂ ತಿಂಗಳುಗಟ್ಟಲೆ ನರದ ನೋವು ಉಳಿದವರು. ವೈರಾಣುವಿನ ಔಷಧಿ ಹೆಚ್ಚು ಕೆಲಸ ಮಾಡುವುದು ಗುಳ್ಳೆ ಕಂಡ ಮೊದಲ 72 ಗಂಟೆಯೊಳಗೆ ಕೊಟ್ಟರೆ. ಆ ಮೂರು ದಿನ ಕೆಮ್ಮಣ್ಣಿಗೆ ಹೋಗುತ್ತವೆ.

ಹಾವಿನ ಕಡಿತದ ವಿಷಯದಲ್ಲಿ ವಾದಕ್ಕೆ ಜಾಗವೇ ಇಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಕರ್ನಾಟಕ 2017ರಲ್ಲಿ ಮಾಡಿದ, 2020ರ ಜನವರಿಯಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ, ಹಾವು ಚೇಳು ಕಡಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರಕ್ಕೆ ಕೂರಿಸುವುದನ್ನು ಅಪರಾಧವೆನ್ನುತ್ತದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದೂ ಅಪರಾಧ. ಆದರೆ ಪೂಜೆ, ಪ್ರದಕ್ಷಿಣೆ, ಯಾತ್ರೆಗಳನ್ನು ಅದು ಮುಟ್ಟುವುದಿಲ್ಲ. ವಿಚಾರವಾದಿಗಳಿಗೆ ಇದು ಹೇಡಿತನದ ರಾಜಿಯಾಗಿ ಕಂಡಿತು, ಸಂಪ್ರದಾಯವಾದಿಗಳಿಗೆ ಅತಿಯಾಗಿ ಕಂಡಿತು. ನನಗೆ ಕಾಣುವುದು ಇಷ್ಟು: ಕಾಯ್ದೆ ನಂಬಿಕೆ ನಿಜವೋ ಸುಳ್ಳೋ ಎಂದು ಅಳೆಯಲು ಹೋಗಿಲ್ಲ, ಪೆಟ್ಟು ಬೀಳುವುದು ಯಾರ ಮೈಮೇಲೆ ಎಂದು ಅಳೆದಿದೆ. ಆ ಅಳತೆ ಸರಿಯಾದದ್ದು. ಸತ್ಯದ ಪ್ರಶ್ನೆಯಲ್ಲಿ ನರಸಿಂಹಯ್ಯನವರ ಕಡೆಗೇ ತೀರ್ಪು, ಎರಡು ಮಾತಿಲ್ಲ. ಆದರೆ ಸುಳ್ಳೆಂದು ತೋರಿಸಿದ ಕೂಡಲೇ ಬಾಧೆ ಬಿಟ್ಟುಹೋಗುವುದಿಲ್ಲ. ಎಲ್ಲರಿಗೂ ಆದ ಮಕ್ಕಳು ನನಗೇ ಯಾಕೆ ಆಗಲಿಲ್ಲ ಎಂದು ಕೇಳುವವಳಿಗೆ ಆಸ್ಪತ್ರೆಯ ವರದಿ ಹೇಗಾಯಿತೆಂಬುದನ್ನು ಹೇಳುತ್ತದೆ, ಯಾಕೆ ಎಂಬುದನ್ನು ಹೇಳುವುದಿಲ್ಲ. ಆ ಖಾಲಿ ಜಾಗಕ್ಕೆ ಹಾವು ಬರದಿದ್ದರೆ ಮದ್ದು ಹಾಕಿದವರು ಬರುತ್ತಾರೆ. ಒಂದು ತಪ್ಪು ಕಾರಣವನ್ನು ಕೀಳುವವರು ಅದರ ಜಾಗಕ್ಕೆ ಯಾವುದು ನುಗ್ಗುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕಾಗುತ್ತದೆ.

ಎರಡನೆಯ ಆಕ್ಷೇಪ ಎದುರು ದಿಕ್ಕಿನದು, ನನ್ನ ಮಟ್ಟಿಗೆ ಹೆಚ್ಚು ತೊಡಕಿನದು. ಹಾಗಾದರೆ ಸರ್ಪದೋಷದಿಂದ ಯಾರಿಗೇನು ನಷ್ಟ, ಮನಸ್ಸಿಗೆ ನೆಮ್ಮದಿ ಸಿಗುತ್ತದಲ್ಲ, ಬಿಟ್ಟುಬಿಡಿ ಎನ್ನುವವರ ಮಾತು ಅದು. ನೆರೆಯವರಿಗೆ ನಷ್ಟವಿಲ್ಲ, ನಿಜ. ಮನೆಯೊಳಗೆ? ದೋಷದ ಮುಖ್ಯ ಲಕ್ಷಣ ಮಕ್ಕಳಾಗದಿರುವುದು ಎಂದಾದ ಮೇಲೆ ಅದು ಕಾಣಿಸಿಕೊಳ್ಳುವುದು ಸೊಸೆಯ ಮೈಯಲ್ಲಿ. ತಪ್ಪು ಮಾಡಿದ್ದು ಗಂಡನ ಮುತ್ತಜ್ಜನಿರಬಹುದು, ಬೆಳಿಗ್ಗೆ ಒದ್ದೆ ಸೀರೆಯಲ್ಲಿ ಅರಳಿ ಸುತ್ತುವವಳು ಇವಳು. ಉಪವಾಸ ಇವಳದು, ನಾಮಕರಣ ಸೀಮಂತಗಳಲ್ಲಿ ಹಿಂದಿನ ಸಾಲಿಗೆ ಸರಿಯಬೇಕಾದವಳು ಇವಳು, ಎರಡನೆಯ ಮದುವೆಯ ಮಾತು ಬಂದರೆ ಕೇಳಿಸಿಕೊಳ್ಳಬೇಕಾದವಳೂ ಇವಳೇ. ಹೆಣ್ಣಿನ ಜಾತಕದಲ್ಲಿ ರಾಹು ಕೇತು ಸ್ಥಾನ ಹಿಡಿದು ದೋಷ ಹೇಳುವುದು ಈಚೆಗೆ ಇನ್ನೂ ಹೆಚ್ಚಿದೆ. ಹಳೆಯ ಜ್ಯೋತಿಷ ಗ್ರಂಥಗಳಲ್ಲಿ ಇದೆಯೋ ಇಲ್ಲವೋ ಎಂದು ಜ್ಯೋತಿಷಿಗಳಲ್ಲೇ ಜಗಳವಿರುವ ಕಾಳಸರ್ಪಯೋಗ ಈಗ ಮದುವೆ ನಿಲ್ಲಿಸುವಷ್ಟು ಬೆಳೆದಿದೆ. ಹುತ್ತ ಒಡೆದವನನ್ನು ಹುಡುಕದ ಹಾವು ಹುಟ್ಟಿದ ಗಳಿಗೆಗಾಗಿ ಹುಡುಗಿಯನ್ನು ಹುಡುಕಿದರೆ, ಅದು ಗಡಿಗೆಯ ಹಾವಿನ ಕಡೆಗೆ ಅರ್ಧ ದಾರಿ ನಡೆದಂತೆಯೇ.

ದೇವರ ಭಯಕ್ಕೆ ಹೆಣ್ಣಿನ ಮೈ ದಂಡ ತೆತ್ತ ಇನ್ನೊಂದು ಉದಾಹರಣೆ ಇದೇ ಸೀಮೆಯದು, ಈಗ ಚರಿತ್ರೆಗೆ ಸೇರಿದೆ. ಮೊರಸು ಒಕ್ಕಲಿಗರ ಒಂದು ಪಂಗಡದಲ್ಲಿ ಮಕ್ಕಳ ಕಿವಿ ಚುಚ್ಚುವ ಶಾಸ್ತ್ರಕ್ಕೆ ಮೊದಲು ತಾಯಿ ಬೆರಳಿನ ತುದಿ ಕೊಡುವ ಪದ್ಧತಿಯಿತ್ತು. 1800ರಲ್ಲಿ ಈ ಭಾಗದಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದನ್ನು ಬರೆದಿಟ್ಟಿದ್ದಾನೆ. ಕಾರಣವಾಗಿ ಹೇಳುತ್ತಿದ್ದದ್ದು ಭಸ್ಮಾಸುರನ ಕಥೆ: ಅಸುರನಿಗೆ ಹೆದರಿ ಶಿವ ಅಡಗಿದ್ದ ಜಾಗವನ್ನು ಒಕ್ಕಲಿಗನೊಬ್ಬ ಕಿರುಬೆರಳಿನಲ್ಲಿ ತೋರಿಸಿಬಿಟ್ಟ, ಶಿವ ಅವನ ಬೆರಳು ಕೇಳಿದಾಗ, ಇವನ ಕೈ ಹೋದರೆ ನೇಗಿಲು ಹಿಡಿಯುವವರಾರು ಎಂದು ಹೆಂಡತಿ ತನ್ನದನ್ನು ಕೊಟ್ಟಳು. ಇಲ್ಲಿಯೂ ಬೆರಳು ತೋರಿದವನೊಬ್ಬ, ಬೆರಳು ಕೊಟ್ಟವಳೊಬ್ಬಳು. 19ನೇ ಶತಮಾನದಲ್ಲಿ ಸರ್ಕಾರ ಇದನ್ನು ತಡೆಯಿತು, ಬೆರಳಿಗೆ ಚಿನ್ನ ಸುತ್ತಿ ಬಿಚ್ಚಿಕೊಡುವಂಥ ಬದಲಿ ವಿಧಿಗಳು ಬಂದವು. ಗಮನಿಸಬೇಕಾದದ್ದು ಇದನ್ನೇ: ದೇವರು ತಕರಾರು ಮಾಡಲಿಲ್ಲ. ಬೆರಳು ಕೊಡದಿದ್ದರೆ ವಂಶಕ್ಕೇ ಕೇಡೆಂದು ನಂಬಿದ್ದವರು ಚಿನ್ನ ಕೊಟ್ಟು ಚೆನ್ನಾಗಿ ಬಾಳಿದರು. ನಂಬಿಕೆಯ ವಿಧಿಯಲ್ಲಿ ಒಂದು ಕೊಂಡಿ ಕಿತ್ತರೆ ಇಡೀ ಸರಪಳಿಯೇ ಹೋಗುತ್ತದೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಈ ಸೀಮೆಯಲ್ಲಿ ಸಿಗುವುದಿಲ್ಲ. ವಿಧಿ ಉಳಿದು, ದಂಡ ಕಟ್ಟುವವರು ಬದಲಾಗಬಹುದು.

ವಿಧಿ ಉಳಿದು ಅದರ ಕಾರಣವೂ ಬದಲಾಗಬಹುದೆಂದು ಶಿಡ್ಲಘಟ್ಟದ ರೇಷ್ಮೆ ಹುಳುಮನೆಗಳು ತೋರಿಸುತ್ತವೆ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ಕಣ್ಣು ಬೀಳುತ್ತದೆ ಎನ್ನುತ್ತಾರೆ. ರೇಷ್ಮೆ ಇಲಾಖೆಯೂ ಹೊರಗಿನವರನ್ನು ಬಿಡಬೇಡಿ ಎಂದೇ ಹೇಳುತ್ತದೆ, ಕಾಲಿನಲ್ಲಿ ರೋಗಾಣು ಬರುತ್ತದೆ ಎಂದು. ಬಾಗಿಲಲ್ಲಿ ಸುಣ್ಣದ ಪುಡಿ ಹಾಕಿಸುತ್ತದೆ. ದೃಷ್ಟಿಯೂ ಸೋಂಕೂ ಒಂದೇ ಹೊಸ್ತಿಲ ಮೇಲೆ ಕೈಕುಲುಕಿವೆ. ಜಪಾನಿನ ರೇಷ್ಮೆ ಸೀಮೆಗಳಲ್ಲಿ ಹುಳುವನ್ನು ಇಲಿಯಿಂದ ಕಾಯಲು ಬೆಕ್ಕಿನ, ಹಾವಿನ ಚಿತ್ರಗಳನ್ನು ರಕ್ಷೆಯಾಗಿ ಅಂಟಿಸುತ್ತಿದ್ದರು. ಒಂದೇ ದೇಶದಲ್ಲಿ ಒಂದು ಕಡೆ ಗಡಿಗೆಯ ಹಾವು ನೆರೆಯವರ ಆಯುಧ, ಇನ್ನೊಂದು ಕಡೆ ಹುಳುಮನೆಯ ಕಾವಲುಗಾರ.  ಹುಳುಮನೆಯ ಇನ್ನೊಂದು ಪಾಠ ಪರೀಕ್ಷೆಯದು: ಹುಳುವಿಗೆ ಬರುವ ಗಂಟುರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆಂದು 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ತೋರಿಸಿಕೊಟ್ಟ. ಅಂದಿನಿಂದ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ತಾಯಿಯನ್ನೇ ಮೊದಲು ಪರೀಕ್ಷಿಸುವುದಕ್ಕೆ ಪುರಾವೆಯಿರುವುದು ಅಲ್ಲಿ, ಚಿಟ್ಟೆಯ ವಿಷಯದಲ್ಲಿ. ಮನುಷ್ಯರ ವಿಷಯದಲ್ಲಿ ಅಂಥ ಪುರಾವೆಯಿಲ್ಲದೆಯೇ ನಾವು ಅದನ್ನು ಮಾಡುತ್ತ ಬಂದಿದ್ದೇವೆ.

ಇನ್ನೊಂದು ಬಾಧೆಯಿದೆ, ಅದಕ್ಕೆ ಇಲ್ಲಿ ಕಲ್ಲೂ ಇಲ್ಲ, ಗುಡಿಯೂ ಇಲ್ಲ. ಚಿಂತಾಮಣಿ, ಬಾಗೇಪಲ್ಲಿ, ಗೌರಿಬಿದನೂರು ಕಡೆಯ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂನ ಮಿತಿ ಮೀರಿದೆ. ಕೆರೆಗಳು ಬತ್ತಿ, ಬಾವಿಗಳು ಬತ್ತಿ, ಸಾವಿರ ಅಡಿ ದಾಟಿ ಬಂಡೆಯ ಸೀಳಿನಿಂದ ನೀರೆತ್ತತೊಡಗಿದ ಮೇಲೆ ಬಂಡೆಯಲ್ಲಿದ್ದದ್ದು ಹಲ್ಲಿಗೂ ಮೂಳೆಗೂ ಬಂತು. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ನಡುವಯಸ್ಸಿನವರಿಗೆ ಕೀಲು ಹಿಡಿತ. ಕಣ್ಣಿಗೆ ಕಾಣದೆ, ಊರಿಗೆ ಊರನ್ನೇ ನಿಧಾನವಾಗಿ ಹಿಡಿಯುವ ಈ ಕಾಟ ನರಿಗಿಂತಲೂ ನಾಗರನಿಗಿಂತಲೂ ಬಾಧೆಯ ಹೆಸರಿಗೆ ಯೋಗ್ಯ. ಆದರೆ ಯಾರೂ ಇದಕ್ಕೆ ದೇವರನ್ನು ಕಟ್ಟಲಿಲ್ಲ, ಬಹುಶಃ ಆರೋಪಿ ಯಾರೆಂದು ಎಲ್ಲರಿಗೂ ಗೊತ್ತಿರುವುದರಿಂದ. ಕೆರೆ ಒತ್ತುವರಿ ಮಾಡಿದವರು, ಕಾಲುವೆ ಮುಚ್ಚಿದವರು, ಬಾವಿಯ ಮೇಲೆ ಬಾವಿ ಕೊರೆದ ನಾವು. ಬಾಧೆಗೆ ನಿಜವಾದ ಒಡೆಯನಿದ್ದಾಗ ಅವನ ಹೆಸರು ಹೇಳದ ಸಂಕೋಚ, ಒಡೆಯನೇ ಇಲ್ಲದಾಗ ಪಕ್ಕದ ಮನೆಯತ್ತ ಕೈಯೆತ್ತುವ ಉತ್ಸಾಹ, ಎರಡೂ ಒಟ್ಟಿಗೇ ಇರುವುದನ್ನು ನೋಡಿದರೆ ನಾವು ಹುಡುಕುತ್ತಿರುವುದು ಕಾರಣವನ್ನಲ್ಲ, ಸುಲಭಕ್ಕೆ ಸಿಗುವ ಆರೋಪಿಯನ್ನು ಎನ್ನಿಸುತ್ತದೆ.

ಆದ್ದರಿಂದ ವಿದುರಾಶ್ವತ್ಥದ ಕಲ್ಲುಗಳನ್ನು ಕೀಳಿಸಬೇಕೆಂದು ನಾನು ಹೇಳುವುದಿಲ್ಲ. ಲೋಕದಲ್ಲಿ ಆರರಲ್ಲಿ ಒಬ್ಬರು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಸಂತಾನಹೀನತೆ ಎದುರಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನ ಕಡೆಯ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆ ಈ ವಿಷಯದ ಎಲ್ಲ ಪರೀಕ್ಷೆಗಳಲ್ಲಿ ಅತಿ ಸರಳವಾದದ್ದು, ಕಡಿಮೆ ಖರ್ಚಿನದು. ಹೆಂಡತಿಗೆ ಮಾಡುವ ಪರೀಕ್ಷೆಗಳಂತೆ ನೋವಿನದೂ ಅಲ್ಲ. ಆದರೂ ವರ್ಷಗಟ್ಟಲೆ ಹೆಂಡತಿಯೊಬ್ಬಳೇ ಆಸ್ಪತ್ರೆಯ ಸಾಲಿನಲ್ಲಿ ಕೂರುವ ಮನೆಗಳಿವೆ. ನಾಗಪ್ರತಿಷ್ಠೆಯ ಶಾಸ್ತ್ರ ಈ ವಿಷಯದಲ್ಲಿ ನಮ್ಮ ಆಸ್ಪತ್ರೆಯ ಅಭ್ಯಾಸಕ್ಕಿಂತ ಮುಂದಿದೆ. ಗಂಡ ಪಕ್ಕದ ಮಣೆಯ ಮೇಲೆ ಕೂರದೆ ಸಂಕಲ್ಪವೇ ಆಗುವುದಿಲ್ಲ. ಪುರೋಹಿತರು ಇಬ್ಬರ ಹೆಸರು, ನಕ್ಷತ್ರ ಕೇಳಿಯೇ ಮುಂದುವರಿಯುತ್ತಾರೆ. ಹಾಗೆ ಕೇಳುವಾಗ ಇಬ್ಬರ ಪರೀಕ್ಷೆಯ ವರದಿಯೂ ಆಗಿದೆಯೇ ಎಂದು ಒಂದು ಮಾತು ಸೇರಿಸಿದರೆ ಶಾಸ್ತ್ರಕ್ಕೆ ಚ್ಯುತಿಯಿಲ್ಲ, ಚಿನ್ನದಿಂದ ಬೆರಳು ಬಿಡಿಸಿಕೊಂಡ ಸೀಮೆಯಲ್ಲಿ ದೇವರು ಅದಕ್ಕೂ ತಕರಾರು ತೆಗೆಯಲಾರ.